ಮೊದಲು ನೀರು, ಕೊನೆಗೆ ಬೆಂಕಿ: ಬಲಿತ ಎಮ್ಮೆ ಬಾಡಿನ ಅಡುಗೆ ದಾಖಲೆ

ಬೆಂಗಳೂರಲ್ಲಿ ಕೂತು ಬೇರೆ ಬೇರೆ ನಾಡಿನ ಬೀಫ್ ಅಡುಗೆ ಮಾಡೋಕೆ ಹೊರಟರೆ ಮಸಾಲೆಗಿಂತ ಮೊದಲು ಪ್ರಾಣಿಯ ವಯಸ್ಸು ಅಡ್ಡ ಬರುತ್ತೆ. ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ಜಾರಿಯಾದ ಮೇಲೆ, ಅಂದರೆ 2021ರ ಆರಂಭದಿಂದ, ಹಸು, ಕರು, ಎತ್ತು, ಗೂಳಿಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಉಳಿದಿರೋದು 13 ವರ್ಷ ದಾಟಿದ ಎಮ್ಮೆ, ಕೋಣ. ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಹಾಗಾಗಿ ಶಿವಾಜಿನಗರದಲ್ಲೋ ಜಾನ್ಸನ್ ಮಾರ್ಕೆಟ್ಟಲ್ಲೋ ಬೀಫ್ ಅಂತ ಕವರಿಗೆ ಹಾಕಿ ಕೊಡೋದು ವರ್ಷಗಟ್ಟಲೆ ಹಾಲು ಕರೆಸಿಕೊಂಡು, ಇಲ್ಲವೇ ಗಾಡಿ ಎಳೆದು ಗಟ್ಟಿಯಾದ ಮೈಯ ಮಾಂಸ. ವಿಡಿಯೊದಲ್ಲಿ ಅಡುಗೆ ತೋರಿಸುವ ಅಮೆರಿಕದವರು 'ಒಂದೂವರೆ ಗಂಟೆ ಸಾಕು' ಅನ್ನೋದು ಎರಡು ವರ್ಷ ಆಸುಪಾಸಿನ, ಮುಸುಕಿನ ಜೋಳ ತಿಂದು ಕೊಬ್ಬಿದ ಹೋರಿಯ ಲೆಕ್ಕ. ಆ ಲೆಕ್ಕ ಹಿಡಿದುಕೊಂಡು ನಮ್ಮ ಎಮ್ಮೆ ಬಾಡಿನ ಮೇಲೆ ಕೈ ಹಾಕಿದರೆ ಹಲ್ಲಿಗೆ ಕೆಲಸ ಜಾಸ್ತಿ.

ಹಾಗಂತ ನಮ್ಮ ಮಾಂಸ ಕೀಳು ಅಂತ ನಾನು ಒಪ್ಪೋದಿಲ್ಲ. ವಯಸ್ಸಾದ ಪ್ರಾಣಿಯ ಮಾಂಸಕ್ಕೆ ಇರುವ ರುಚಿ ಎಳೆಯದಕ್ಕೆ ಬರೋದಿಲ್ಲ. ಲೋಕದ ದೊಡ್ಡ ದೊಡ್ಡ ಬೀಫ್ ಅಡುಗೆಗಳಲ್ಲಿ ಬಹುಪಾಲು ಹುಟ್ಟಿದ್ದೇ ದುಡಿದು ದಣಿದ ಪ್ರಾಣಿಗಳನ್ನು ಮೆತ್ತಗೆ ಮಾಡೋಕೆ. ಅಂಥ ಕೆಲವನ್ನು ಆರಿಸಿ, ನಮ್ಮ ಮಾಂಸಕ್ಕೆ, ನಮ್ಮ ಸ್ಟೌವಿಗೆ, ನಮ್ಮ ಅಂಗಡಿಯ ಸಾಮಾನಿಗೆ ಹೊಂದಿಸಿದ ದಾಖಲೆ ಇದು. ಬರೆದಿರೋದು ಒಂದು ಕಿಲೋ ಮಾಂಸದ ಲೆಕ್ಕದಲ್ಲಿ.

ಮಾಂಸ

ಶಿವಾಜಿನಗರದ ರಸೆಲ್ ಮಾರ್ಕೆಟ್ ಕಟ್ಟಿದ್ದು 1927ರಲ್ಲಿ. ಹೂವು ಹಣ್ಣಿನ ಗದ್ದಲ ದಾಟಿ ಬೀಫ್ ಮಾರ್ಕೆಟ್ ಕಡೆ ಹೋಗೋಕೆ ಬೆಳಗ್ಗೆ ಹೊತ್ತು ಒಳ್ಳೇದು. ಅಂಗಡಿಯ ಭಾಯ್ ಕೇಳೋ ಮೊದಲ ಪ್ರಶ್ನೆ: "ಏನ್ ಮಾಡ್ತೀರಾ ಅಣ್ಣ, ಸಾರಾ, ಫ್ರೈಯಾ, ಬಿರಿಯಾನಿನಾ?" ಇದಕ್ಕೆ ಸರಿಯಾದ ಉತ್ತರ ಕೊಡೋದರಲ್ಲೇ ಅರ್ಧ ಅಡುಗೆ ಮುಗಿಯುತ್ತೆ. 'ಬೋನ್‌ಲೆಸ್ ಕೊಡಿ' ಅಂದರೆ ತೊಡೆಯ ತುಂಡು ಬರುತ್ತೆ. ನೋಡೋಕೆ ಚೆಂದ, ಕೊಬ್ಬಿಲ್ಲ, ನರವಿಲ್ಲ. ಎರಡು ಗಂಟೆ ಬೇಯಿಸಿದರೆ ಒಣ ನಾರು. ಗ್ರೇವಿ ಅಡುಗೆಗೆ ನಾನು ಕೇಳೋದು ಮಚ್ಲಿ, ಅಂದರೆ ಕಾಲಿನ ಮೀನಖಂಡ, ಮತ್ತೆ ಸೀನಾ, ಎದೆ ಭಾಗ. ಎರಡರಲ್ಲೂ ಬಿಳಿ ಪೊರೆ, ನರ ಜಾಸ್ತಿ. ಜೊತೆಗೆ ಎರಡು ನಲ್ಲಿ ಮೂಳೆ ಹಾಕಿಸಿಕೊಳ್ಳುತ್ತೀನಿ, ಒಂದು ಹಿಡಿ ಚರ್ಬಿ ಬೇರೆ ಕವರಿನಲ್ಲಿ. ಎಮ್ಮೆಯ ಚರ್ಬಿ ಅಚ್ಚ ಬಿಳಿ, ಮಾಂಸ ಕಪ್ಪುಗೆಂಪು. ಹಸುವಿನ ಚರ್ಬಿ ಹಳದಿ ಛಾಯೆ ತೋರೋದು ಹುಲ್ಲಿನ ಕ್ಯಾರೊಟಿನ್ ಅದರಲ್ಲಿ ಹಾಗೇ ಉಳಿಯೋದರಿಂದ. ಎಮ್ಮೆಯ ಮೈ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಬಿಡುತ್ತೆ. ಎಮ್ಮೆ ಹಾಲು ಬೆಳ್ಳಗಿರೋದಕ್ಕೂ ಇದೇ ಕಾರಣ.

ಸ್ಟೇಕ್ ಮಾಡಲೇಬೇಕು ಅನ್ನೋರಿಗೆ ಒಂದೇ ದಾರಿ: ಅಂಡರ್‌ಕಟ್. ಬೆನ್ನುಮೂಳೆಯ ಒಳಮಗ್ಗುಲ ಆ ಪಟ್ಟಿ ಪ್ರಾಣಿ ಬದುಕಿದ್ದಷ್ಟು ದಿನವೂ ಹೆಚ್ಚು ದುಡಿಯೋದಿಲ್ಲ, ಮುದಿ ಎಮ್ಮೆಯಲ್ಲೂ ಮೆತ್ತಗಿರುತ್ತೆ. ಒಂದು ಪ್ರಾಣಿಗೆ ಎರಡೇ ಪಟ್ಟಿ, ಹೋಟೆಲಿನವರು ಮೊದಲೇ ಹೇಳಿಟ್ಟಿರುತ್ತಾರೆ. ಅದರ ಬಗ್ಗೆ ಇಲ್ಲಿ ಮುಂದಕ್ಕೆ ಮಾತಿಲ್ಲ.

ಮನೆಗೆ ತಂದ ಮಾಂಸ ಇನ್ನೂ ಬೆಚ್ಚಗಿದ್ದರೆ ಅವತ್ತೇ ಅಡುಗೆ ಬೇಡ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತೆ; ಆಮೇಲೆ ಮಾಂಸದೊಳಗಿನ ಕಿಣ್ವಗಳು ನಿಧಾನಕ್ಕೆ ಅದನ್ನು ಸಡಿಲ ಮಾಡುತ್ತವೆ. ಬೆಚ್ಚಗಿನ ಮಾಂಸವನ್ನು ನೇರ ಫ್ರೀಜರಿಗೆ ತುರುಕಿದರೆ ಸೆಟೆಯೋ ಕೆಲಸ ಅರ್ಧಕ್ಕೆ ನಿಂತು, ಕರಗಿಸಿದ ಮೇಲೆ ಒಮ್ಮೆಲೇ ಕುಗ್ಗಿ ರಬ್ಬರಾಗುತ್ತೆ. ನಾನು ಮಾಡೋದು: ದೊಡ್ಡ ತುಂಡಾಗೇ ತಂದು, ಒಣ ಬಟ್ಟೆಯಲ್ಲಿ ಒರೆಸಿ, ಕಿಲೋಗೆ 15 ಗ್ರಾಂ ಕಲ್ಲುಪ್ಪನ್ನು ಪುಡಿ ಮಾಡಿ ಸವರಿ, ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಎರಡು ದಿನ. ಫ್ರೀಜರ್ ಅಲ್ಲ. ಉಪ್ಪು ಒಳಗೆ ಇಳಿದ ಮಾಂಸ ಬೇಯುವಾಗ ಕಡಿಮೆ ರಸ ಬಿಡುತ್ತೆ. ಮುಂದೆ ಗ್ರೇವಿಗೆ ಉಪ್ಪು ಹಾಕುವಾಗ ಇದು ನೆನಪಲ್ಲಿರಲಿ.

ಮಾಂಸ ಮೆತ್ತಗಾಗೋಕೆ ಪರಂಗಿಕಾಯಿ? ಗ್ರಿಲ್ ಮಾಡೋ ಚೂರುಗಳಿಗೆ ಸರಿ. ಅದರ ಪಪೇನ್ ಅನ್ನೋ ಕಿಣ್ವ ಚುರುಕಾಗೋದು 60-70 ಡಿಗ್ರಿಯಲ್ಲಿ. ದೊಡ್ಡ ತುಂಡಿಗೆ ರಾತ್ರಿಯಿಡೀ ಹಚ್ಚಿಟ್ಟರೆ ಮೇಲುಮೈ ಹಿಟ್ಟಾಗಿ ಒಳಗು ಹಾಗೇ ಇರುತ್ತೆ. ಹೊತ್ತು ತಗೊಳ್ಳೋ ಅಡುಗೆಗೆ ಅದರ ಅಗತ್ಯವೇ ಇಲ್ಲ.

ಸಾಮಾನು

ಐದು ಲೀಟರ್ ಕುಕ್ಕರ್, ದಪ್ಪ ತಳದ ಬೀಡುಕಬ್ಬಿಣದ ಬಾಂಡ್ಲಿ, ತೂಕದ ಯಂತ್ರ, ಮುಳ್ಳು ಚುಚ್ಚಿ ಬಿಸಿ ನೋಡೋ ಥರ್ಮಾಮೀಟರ್. ಅಡುಗೆಮನೆ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್. ಬಾಡಿಗೆ ಮನೆ ಹುಡುಕುವಾಗ ಬಾಗಿಲಲ್ಲೇ 'ನಾನ್‌ವೆಜ್ಜಾ' ಅಂತ ಕೇಳೋ ಊರಿದು. ಫ್ಯಾನು ಅಡುಗೆಗೆ ಎಷ್ಟು ಮುಖ್ಯವೋ ನೆಮ್ಮದಿಗೂ ಅಷ್ಟೇ.

ಥರ್ಮಾಮೀಟರ್ ಯಾಕೆ ಅಂದರೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯೋದು 97 ಡಿಗ್ರಿಯಲ್ಲಿ. ಮೂರು ಡಿಗ್ರಿ ಏನು ಮಹಾ ಅನ್ನಿಸಬಹುದು, ಆದರೆ ತೆರೆದ ಪಾತ್ರೆಯಲ್ಲಿ ಮಂಗಳೂರಲ್ಲಿ ಬೇಯೋದಕ್ಕಿಂತ ಇಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತೆ. ನರ ಮತ್ತು ಪೊರೆಯಲ್ಲಿರುವ ಕೊಲಾಜೆನ್ ಅನ್ನೋ ಗಟ್ಟಿ ಪ್ರೋಟೀನ್ 70 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತೆ, ಬಿಸಿ ಏರಿದಷ್ಟೂ ಬೇಗ. ಪ್ರಾಣಿಗೆ ವಯಸ್ಸಾದಷ್ಟೂ ಆ ಕೊಲಾಜೆನ್ನಿನ ಎಳೆಗಳ ನಡುವೆ ಗಂಟುಗಳು ಬಿಗಿಯಾಗುತ್ತಾ ಹೋಗುತ್ತವೆ, ಕರಗೋದು ಕಷ್ಟ. ಕುಕ್ಕರಿನ ವೆಯ್ಟು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಒಂದು ಪಟ್ಟು ಹೆಚ್ಚು ಹಿಡಿದಿಡೋದರಿಂದ ಒಳಗೆ 119-120 ಡಿಗ್ರಿ ಸಿಗುತ್ತೆ. ನಮ್ಮ ಎತ್ತರಕ್ಕೂ ನಮ್ಮ ಎಮ್ಮೆಗೂ ಕುಕ್ಕರ್ ಹೇಳಿ ಮಾಡಿಸಿದ್ದು.

ಸೀಟಿ ಎಣಿಸೋದನ್ನ ಮಾತ್ರ ಬಿಡಬೇಕು. ಉರಿ ದೊಡ್ಡದಿದ್ದರೆ ಹತ್ತು ನಿಮಿಷದಲ್ಲಿ ಎಂಟು ಸೀಟಿ ಬರುತ್ತೆ, ಸಣ್ಣದಿದ್ದರೆ ಎರಡು. ಮೊದಲ ಸೀಟಿ ಬಂದ ಕೂಡಲೇ ಸಿಮ್ಮಿಗೆ ಇಳಿಸಿ ಗಡಿಯಾರ ನೋಡಿ. ಮಚ್ಲಿ ಎರಡು ಅಂಗುಲದ ತುಂಡಿಗೆ 35 ನಿಮಿಷ, ಸೀನಾಕ್ಕೆ 30. ಆರಿಸಿದ ಮೇಲೆ ತಾನಾಗಿ ಒತ್ತಡ ಇಳಿಯಬೇಕು. ವೆಯ್ಟು ಎತ್ತಿ ಉಸ್ಸೆನ್ನಿಸಿದರೆ ಒಳಗಿನ ದ್ರವ ಒಮ್ಮೆಲೇ ಕುದಿದು ಮಾಂಸದೊಳಗಿನ ರಸವನ್ನೂ ಹೊರಗೆಳೆಯುತ್ತೆ.

ಮನೆಯ ಸಾರು

ಬೇರೆ ಊರಿನ ಅಡುಗೆಗೆ ಹೋಗೋ ಮುಂಚೆ ಹೋಲಿಸಿ ನೋಡೋಕೆ ಒಂದು ಅಳತೆ ಬೇಕಲ್ಲ, ಅದಕ್ಕೆ ಮನೆಯ ಸಾರು. ನಮ್ಮದು ಮಾಲೂರು ಕಡೆ. ಅಮ್ಮನ ಪದ್ಧತಿ: ಬಾಡನ್ನು ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಹಾಕಿ ಮೊದಲು ಬರೀ ನೀರಲ್ಲಿ ಬೇಯಿಸೋದು. ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ರುಬ್ಬಿ ಅದಕ್ಕೆ ಬಿಡೋದು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯೂ ಬೀಳುತ್ತೆ. ಕೊನೆಗೆ ಚರ್ಬಿ ಕಾಯಿಸಿ ಒಗ್ಗರಣೆ. ಫೋನಿನಲ್ಲಿ ನಾನು 'ಮೊದಲು ಮಾಂಸ ಕೆಂಪಗೆ ಹುರಿದುಕೊಳ್ಳಲಾ' ಅಂದಾಗ ಅಮ್ಮ ಅಂದದ್ದು: "ಹಸಿ ಬಾಡು ಹುರುದ್ರೆ ಗಟ್ಟಿಯಾಗ್ತದೆ ಕಣಪ್ಪ. ಮೊದ್ಲು ನೀರಾಗೆ ಬೇಯ್ಲಿ, ಆಮ್ಯಾಕೆ ಬೆಂಕಿ ತೋರ್ಸು."

ಇದನ್ನ ಇಲ್ಲಿ ಬರೆಯೋದಕ್ಕೆ ಕಾರಣ ಇದೆ. ಮುಂದಿನ ಎಲ್ಲಾ ಅಡುಗೆಗೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇಲ್ಲಿ ಬೆಂಕಿ ಯಾವಾಗ ಬರುತ್ತೆ, ಮೊದಲೋ ಕೊನೆಗೋ?

ಬ್ಯಾಡಗಿಯಿಂದ ಹಂಗೇರಿಗೆ

ಹೊರಗಿನವರು 'ಗೂಲಾಶ್' ಅಂತ ಕರೆಯೋ ಗಟ್ಟಿ ಗ್ರೇವಿಯನ್ನು ಹಂಗೇರಿಯಲ್ಲಿ ಪರ್ಕಲ್ಟ್ ಅನ್ನುತ್ತಾರೆ. ಅಲ್ಲಿನ ಗುಯಾಶ್ ದನಗಾಹಿಗಳ ತೆಳು ಸೂಪು. ನಾನು ಮಾಡಿದ್ದು ಪರ್ಕಲ್ಟ್. ಇದರ ಜೀವ ಪಾಪ್ರಿಕಾ, ಬಣ್ಣ ಜಾಸ್ತಿ ಖಾರ ಕಡಿಮೆ ಇರೋ ಕೆಂಪು ಮೆಣಸಿನ ಪುಡಿ. ಸೂಪರ್ ಮಾರ್ಕೆಟ್ಟಿನ ಪುಟ್ಟ ಡಬ್ಬಿಗೆ ಕಾಸು ಸುರಿಯೋ ಮುಂಚೆ ಹಾವೇರಿ ಕಡೆ ನೋಡಬೇಕು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ನಿಂತಿರೋದೇ ಬಣ್ಣದ ಮೇಲೆ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಅದರ ಓಲಿಯೊರೆಸಿನ್, ಅಂದರೆ ಎಣ್ಣೆಯಂಥ ಸಾರ, ತೆಗೆದು ಬಣ್ಣಕ್ಕೆಂದು ಹೊರದೇಶಕ್ಕೂ ಕಳಿಸುತ್ತಾರೆ. ಎರಡೂ ಒಂದೇ ಅಮೆರಿಕದ ಗಿಡದ ಮೊಮ್ಮಕ್ಕಳು: ಒಂದು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು, ಇನ್ನೊಂದು ತುರ್ಕರ ಕಾಲದಲ್ಲಿ ಹಂಗೇರಿ ಸೇರಿತು. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಅಲ್ಲಿನ ಸೆಗೆಡ್ ಊರಿನ ಪಾಪ್ರಿಕಾದಿಂದ ರಾಶಿ ರಾಶಿ ವಿಟಮಿನ್ ಸಿ ತೆಗೆದವರು, 1937ರಲ್ಲಿ ನೊಬೆಲ್ ಪಡೆದವರು. ಬ್ಯಾಡಗಿಯಲ್ಲಿ ಅಂಥವರೊಬ್ಬರು ಹುಟ್ಟಲಿಲ್ಲ, ಇರಲಿ.

ಬ್ಯಾಡಗಿ ಕಾಯಿಯನ್ನು ಬಿಸಿಲಿಗಿಟ್ಟು ಗರಿಯಾದ ಮೇಲೆ ಸೀಳಿ, ಬೀಜ ಮತ್ತು ಒಳಗಿನ ಬಿಳಿ ನರ ತೆಗೆದೆ. ಖಾರ ಇರೋದು ಆ ನರದಲ್ಲೇ. ಉಳಿದ ಸಿಪ್ಪೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದರೆ ಪಾಪ್ರಿಕಾಕ್ಕೆ ತೀರಾ ಹತ್ತಿರ. ಅದಕ್ಕಿಂತ ಒಂದು ಎಳೆ ಖಾರ ಹೆಚ್ಚು, ಹೊಗೆಯಂಥ ಸಿಹಿ ವಾಸನೆ. ನನಗಂತೂ ಇದೇ ಮೇಲು.

ಅಳತೆ: ಮಚ್ಲಿ 1 ಕಿಲೋ, ಈರುಳ್ಳಿ 500 ಗ್ರಾಂ, ಬ್ಯಾಡಗಿ ಪುಡಿ 25 ಗ್ರಾಂ, ಚರ್ಬಿ 60 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಒಂದು ಟೊಮೆಟೊ, ಒಂದು ದೊಣ್ಣೆ ಮೆಣಸಿನಕಾಯಿ. ಅವರು ಕ್ಯಾರವೆ ಅನ್ನೋ ಜೀರಿಗೆಯಂಥ ಕಾಳು ಹಾಕುತ್ತಾರೆ. ಅದು ಸಿಗದಿದ್ದರೆ ನಮ್ಮ ಜೀರಿಗೆ ಹಾಕಬೇಡಿ, ಘಮ ಪೂರ್ತಿ ನಮ್ಮ ಸಾರಿನ ಕಡೆ ತಿರುಗಿಬಿಡುತ್ತೆ, ಬಿಟ್ಟರೂ ನಡೆಯುತ್ತೆ.

ಚರ್ಬಿಯನ್ನು ಸಣ್ಣಗೆ ಹೆಚ್ಚಿ ಎರಡು ಚಮಚ ನೀರಿನ ಜೊತೆ ಸಣ್ಣ ಉರಿಯಲ್ಲಿಟ್ಟು ಕರಗಿಸಿ, ಚೂರುಗಳನ್ನು ತೆಗೆದು ಉಪ್ಪು ಉದುರಿಸಿ ಬಾಯಿಗೆ ಹಾಕಿಕೊಳ್ಳಿ. ಆ ಜಿಡ್ಡಿನಲ್ಲಿ ಈರುಳ್ಳಿ 20 ನಿಮಿಷ, ಹೊಂಬಣ್ಣಕ್ಕೆ. ಇಲ್ಲೊಂದು ಕಡ್ಡಾಯದ ಹೆಜ್ಜೆ: ಪುಡಿ ಹಾಕೋ ಮುಂಚೆ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಬೇಕು. ಮೆಣಸಿನ ಬಣ್ಣ ಜಿಡ್ಡಿನಲ್ಲಿ ಕರಗುತ್ತೆ, ಆದರೆ ಅದರಲ್ಲಿರೋ ಸಕ್ಕರೆ ಕ್ಷಣದಲ್ಲಿ ಕರಕಲಾಗಿ ಕಹಿ ಬರುತ್ತೆ. ಕೆಳಗಿಳಿಸಿ, ಪುಡಿ ಹಾಕಿ, ಹತ್ತು ಎಣಿಸೋವರೆಗೆ ತಿರುವಿ, ತಕ್ಷಣ ಹಸಿ ಮಾಂಸ ಸುರಿದು ಮತ್ತೆ ಒಲೆಗೆ. ಈ ಹಂತದಲ್ಲಿ ನೀರು ಬೇಡ. ಮಾಂಸ ತಾನೇ ನೀರು ಬಿಡುತ್ತೆ, ಆ ನೀರಲ್ಲೇ ಬೇಯುತ್ತೆ. ಮಾಂಸವನ್ನು ಮೊದಲೇ ಕಂದುಬಣ್ಣಕ್ಕೆ ಹುರಿಯೋ ತಾಪತ್ರಯ ಈ ಅಡುಗೆಯಲ್ಲಿಲ್ಲ.

ಅಲ್ಲಿಂದ ಕುಕ್ಕರಿಗೆ, ಅರ್ಧ ಲೋಟ ನೀರು, ಟೊಮೆಟೊ, ದೊಣ್ಣೆ ಮೆಣಸಿನಕಾಯಿ, 35 ನಿಮಿಷ. ಮತ್ತೆ ಬಾಂಡ್ಲಿಗೆ. ಹಂಗೇರಿಯ ಅಡುಗೆಯವರು ಇಲ್ಲಿ ಮಾಡೋ ಕೆಲಸ ನನಗೆ ಬಹಳ ಇಷ್ಟವಾಯಿತು: ರಸವನ್ನು ಪೂರ್ತಿ ಇಂಗಿಸಿ ಜಿಡ್ಡು ಮಾತ್ರ ಉಳಿಸಿ, ಅದು ಚಟಪಟ ಅನ್ನೋವಾಗ ಒಂದು ಸೌಟು ನೀರು ಬಿಟ್ಟು, ಮತ್ತೆ ಇಂಗಿಸೋದು. ಎರಡು ಮೂರು ಸಲ. ಸದ್ದೇ ಗುರುತು: ನೀರಿದ್ದಾಗ ಗುಳುಗುಳು, ಜಿಡ್ಡು ಉಳಿದಾಗ ಚರ್ ಚರ್. ಥರ್ಮಾಮೀಟರಿನಲ್ಲಿ ನೀರಿರೋವರೆಗೂ 97ರ ಸುತ್ತ ನಿಂತಿದ್ದ ಮುಳ್ಳು ಇಂಗಿದ ಕೂಡಲೇ 110, 120 ಅಂತ ಏರುತ್ತೆ. ಕಂದುಬಣ್ಣ, ಹುರಿದ ವಾಸನೆ ಹುಟ್ಟೋದು ಆವಾಗ. ಶಿವಾಜಿನಗರದ ಭುನಾ ಗೋಷ್ತಿನಲ್ಲೂ ಇದೇ ಕೈಚಳಕ, ಇದೇ ಸದ್ದು. ಬೆಂಕಿ ಕೊನೆಗೇ ಬಂತು, ಅಮ್ಮನ ಮಾತು ಹಂಗೇರಿಯಲ್ಲೂ ನಡೀತು.

ಜೊತೆಗೆ ಅವರು ತಿನ್ನೋದು ಮೊಟ್ಟೆ ಹಾಕಿದ ಮೈದಾ ಹಿಟ್ಟಿನ ಚಿಕ್ಕ ಗುಂಡುಗಳು. ನಾವು ರಾಗಿಮುದ್ದೆ ಮುರಿದೆವು. ಈ ಗ್ರೇವಿಗೆ ಮುದ್ದೆಯಷ್ಟು ಒಪ್ಪೋದು ಬೇರೊಂದಿಲ್ಲ ಅಂತ ಹಂಗೇರಿಯವರ ಎದುರಲ್ಲೂ ಹೇಳಬಲ್ಲೆ.

ಬೂರ್ಗಿನ್ಯೋನ್, ತಿರುಗುಮುರುಗಾಗಿ

ಫ್ರಾನ್ಸಿನ ಬೂರ್ಗೋಞ್ ಪ್ರಾಂತ್ಯದ ವೈನ್ ಹಾಕಿ ಮಾಡೋ ಬೀಫ್. ಇದರಲ್ಲಿ ಬೆಂಕಿ ಮೊದಲು: ಹಸಿ ತುಂಡುಗಳನ್ನು ಹಂದಿಯ ಜಿಡ್ಡಿನಲ್ಲಿ ಕಡುಗಂದು ಬಣ್ಣಕ್ಕೆ ಹುರಿದು, ಆಮೇಲೆ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ನಮ್ಮ ಮನೆಯ ಸ್ಟೌವಿನಲ್ಲಿ ತೊಂದರೆ ಏನೆಂದರೆ, ಒಂದು ಕಿಲೋ ಮಾಂಸ ಒಟ್ಟಿಗೆ ಹಾಕಿದರೆ ಬಾಂಡ್ಲಿಯ ಬಿಸಿ ಕುಸಿದು, ಬಿಟ್ಟ ನೀರಲ್ಲೇ ಬೂದಿಬಣ್ಣಕ್ಕೆ ಬೇಯುತ್ತೆ. ಕಾಲು ಕಿಲೋದಂತೆ ಹುರಿಯಬಹುದು. ಆದರೆ ಕೊಬ್ಬಿಲ್ಲದ ಎಮ್ಮೆ ಮಾಂಸದ ಹೊರಮೈ ಮೊದಲೇ ಬಿರುಸಾಗಿ, ಮುಂದೆ ಎಷ್ಟು ಬೆಂದರೂ ಅಂಚು ತೊಗಲಾಗೇ ಉಳಿಯುತ್ತೆ.

ಹಾಗಾಗಿ ತಿರುಗಿಸಿದೆ. ಮಾಂಸ, ನಲ್ಲಿ ಮೂಳೆ, ಕ್ಯಾರೆಟ್, ಪಲಾವ್ ಎಲೆ ಕುಕ್ಕರಿನಲ್ಲಿ ಮೊದಲು. ನಂದಿ ಬೆಟ್ಟದ ತಪ್ಪಲಿನ ಕೆಂಪು ವೈನ್ ಅರ್ಧ ಬಾಟಲಿಯನ್ನು ಬೇರೆ ಪಾತ್ರೆಯಲ್ಲಿ ಅರ್ಧಕ್ಕೆ ಇಂಗಿಸಿದೆ. ಬೆಂದ ತುಂಡುಗಳನ್ನು ಸೋಸಿ, ಒರೆಸಿ, ಕೋಲ್ಡ್ ಸ್ಟೋರೇಜಿನಿಂದ ತಂದ ಬೇಕನ್ನಿನ ಜಿಡ್ಡಿನಲ್ಲಿ ಎರಡೇ ಮಗ್ಗುಲು ಕೆಂಪಗೆ ಮಾಡಿ, ವೈನು, ಕುಕ್ಕರಿನ ರಸ, ಸಣ್ಣ ಈರುಳ್ಳಿ, ಅಣಬೆ ಸೇರಿಸಿ ಮುಕ್ಕಾಲು ಗಂಟೆ ಸಣ್ಣ ಉರಿ. ಚೆನ್ನಾಗೇ ಬಂತು. ಆದರೆ ಖರ್ಚಿಗೆ ತಕ್ಕ ರುಚಿಯಾ? ಆ ದುಡ್ಡಿಗೆ ಪರ್ಕಲ್ಟ್ ಮೂರು ಸಲ ಮಾಡಬಹುದು.

ಚೇಚಿಯ ಉಲರ್ತಿಯದ್

ಕೆಳಗಿನ ಮನೆಯ ಚೇಚಿ ಕೋಟ್ಟಯಂ ಕಡೆಯವರು. ಅಲ್ಲಿನ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್, ಈಸ್ಟರ್ ಅಂದರೆ ಉಲರ್ತಿಯದ್, ಅಂದರೆ ರಸ ಇಂಗೋವರೆಗೆ ಹುರಿದ ಬೀಫ್. ಅವರಿಗೂ ಎಮ್ಮೆ ಕೋಣದ ಮಾಂಸವೇ ರೂಢಿ, ಆದ್ದರಿಂದ ಯಾವ ಹೊಂದಾಣಿಕೆಯೂ ಬೇಡ. ತುಂಡು ಮಾತ್ರ ಚಿಕ್ಕದಿರಬೇಕು, ಮುಕ್ಕಾಲು ಅಂಗುಲ. "ನೀರು ಹಾಕ್ಬೇಡಿ ಮೋನೇ, ಒಂದು ತೊಟ್ಟೂ ಬೇಡ" ಅಂದಿದ್ದರು ಚೇಚಿ. ಧನಿಯ ಪುಡಿ, ಮೆಣಸಿನ ಪುಡಿ, ಅರಿಶಿನ, ಕಾಳುಮೆಣಸು, ಸೋಂಪು ಸೇರಿದ ಗರಂ ಮಸಾಲೆ, ಶುಂಠಿ ಬೆಳ್ಳುಳ್ಳಿ, ಕರಿಬೇವು, ತೆಳ್ಳಗೆ ಸೀಳಿದ ತೆಂಗಿನ ಚೂರು, ಎಲ್ಲವನ್ನೂ ಕೈಯಲ್ಲಿ ಹಿಸುಕಿ ಕಲಸಿ ಅರ್ಧ ಗಂಟೆ ಬಿಟ್ಟು ಕುಕ್ಕರಿಗೆ. ನೀರಿಲ್ಲದ ಕುಕ್ಕರ್ ಅಂದರೆ ಭಯ ಬೇಡ. ಉರಿ ಸಣ್ಣದಾಗಿಟ್ಟು ಮಾಂಸ ನೀರು ಬಿಟ್ಟಿದ್ದನ್ನು ನೋಡಿದ ಮೇಲೆ ಮುಚ್ಚಳ ಮುಚ್ಚಿದರಾಯಿತು. 25 ನಿಮಿಷದ ಮೇಲೆ ತೆಗೆದರೆ ತುಂಡು ಮುಳುಗುವಷ್ಟು ರಸ.

ಬಾಂಡ್ಲಿಯಲ್ಲಿ ಕೊಬ್ಬರಿ ಎಣ್ಣೆ, ಸಾಂಬಾರ್ ಈರುಳ್ಳಿ, ಇನ್ನಷ್ಟು ಕರಿಬೇವು, ಆಮೇಲೆ ಮಾಂಸ ರಸದ ಸಮೇತ. ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ: ರಸ ಇಂಗಿ, ಮಸಾಲೆ ಮಾಂಸಕ್ಕೆ ಅಂಟಿ, ಎಣ್ಣೆ ಬಿಟ್ಟು, ಕಪ್ಪಾಗೋವರೆಗೆ. ನಾನು ಕಂದುಬಣ್ಣಕ್ಕೇ ನಿಲ್ಲಿಸೋಕೆ ಹೋದಾಗ ಚೇಚಿ ಸೌಟು ಕಿತ್ತುಕೊಂಡು ಇನ್ನೂ ಕಾಲು ಗಂಟೆ ತಿರುವಿದರು. ಅವರು ಇಳಿಸಿದಾಗ ಬಣ್ಣ ಕಾಫಿ ಬೀಜದ್ದು. ಆ ಕಾಲು ಗಂಟೆಯಲ್ಲೇ ಇದರ ರುಚಿ ಇರೋದು.

ರೆಂದಾಂಗ್

ಇದು ಇಡೀ ಸರಣಿಯ ದೊಡ್ಡ ಕೆಲಸ. ಇಂಡೊನೇಷ್ಯಾದ ಪಶ್ಚಿಮ ಸುಮಾತ್ರಾದ ಮಿನಂಗ್‌ಕಬಾವ್ ಜನರ ಅಡುಗೆ. ಎಮ್ಮೆ ಅವರಿಗೆ ಎಷ್ಟು ಹತ್ತಿರ ಅಂದರೆ ಅವರ ಹಿರಿಮನೆಗಳ ಮಾಡು ಎಮ್ಮೆ ಕೊಂಬಿನ ಆಕಾರದಲ್ಲಿ ಬಾಗಿ ಮೇಲೇಳುತ್ತೆ, ರೆಂದಾಂಗಿಗೂ ಎಮ್ಮೆ ಮಾಂಸ ಬಳಸುವ ರೂಢಿ ಹಳೆಯದು. ಅಂದಮೇಲೆ ನಮ್ಮ ಮಾಂಸ ಇಲ್ಲಿ ಬದಲಿ ಸಾಮಾನಲ್ಲ, ಅಸಲಿ ಸಾಮಾನೇ.

ಬೇರೆ ಸಾಮಾನು ಹುಡುಕೋದೇ ಒಂದು ಕಥೆ. ಮಜ್ಜಿಗೆ ಹುಲ್ಲು ಕುಂಡದಲ್ಲಿದೆ, ಟೀಗೆ ಹಾಕೋ ಅದೇ ಹುಲ್ಲಿನ ಬುಡದ ಬಿಳಿ ಭಾಗ ಬೇಕು. ಅರಿಶಿನ ಎಲೆ ಕಡುಬಿನ ಕಾಲದಲ್ಲಿ, ನಾಗರಪಂಚಮಿ ಹೊತ್ತಿಗೆ, ಮಲ್ಲೇಶ್ವರದಲ್ಲಿ ಸಿಗುತ್ತೆ; ತಂದು ಫ್ರೀಜರಿನಲ್ಲಿಟ್ಟಿದ್ದೆ. ಗಲಾಂಗಲ್ ಅನ್ನೋ ಗಡ್ಡೆ ನಮ್ಮ ದುಂಪರಾಸ್ಮೆ. ಗ್ರಂಧಿಗೆ ಅಂಗಡಿಯ ಒಣ ಬೇರು ಔಷಧಿಯ ವಾಸನೆ ಹೊಡೆಯುತ್ತೆ, ಹಸಿಯದ್ದೇ ಬೇಕು, ಥಾಯ್ ತರಕಾರಿ ಇಡೋ ಅಂಗಡಿಗಳಲ್ಲಿ ಉಂಟು. ಕಾಫಿರ್ ನಿಂಬೆ ಎಲೆ ಬದಲಿಗೆ ಹೇರಳೆ ಗಿಡದ ಎಳೆ ಎಲೆ ಹಾಕಿದೆ, ಹತ್ತಿರಕ್ಕೆ ಬಂತು. ಹುಳಿಗೆ ಅವರು ಹಾಕೋದು ಆಸಮ್ ಕಾಂದಿಸ್, ಗಾರ್ಸಿನಿಯಾ ಕುಲದ ಒಣಹಣ್ಣು. ನಮ್ಮ ಉಪ್ಪಾಗೆ, ಪುನರ್ಪುಳಿ ಎರಡೂ ಅದೇ ಕುಲ. ಉಪ್ಪಾಗೆಯ ಒಂದು ತುಂಡು ಸಾಕು; ಪುನರ್ಪುಳಿ ಹಾಕಿದರೆ ಬಣ್ಣ ಬಿಡುತ್ತೆ.

ಅಳತೆ: ಮಚ್ಲಿ ಮತ್ತು ಸೀನಾ ಸೇರಿ 1 ಕಿಲೋ, ಎರಡು ಅಂಗುಲದ ತುಂಡು. ಮೂರು ಬಲಿತ ತೆಂಗಿನಕಾಯಿಯ ಹಾಲು, ಗಟ್ಟಿ ಮತ್ತು ತೆಳು ಸೇರಿ ಸುಮಾರು ಒಂದೂಕಾಲು ಲೀಟರ್. ರುಬ್ಬೋಕೆ: ಬ್ಯಾಡಗಿ 10, ಗುಂಟೂರು 6, ಸಾಂಬಾರ್ ಈರುಳ್ಳಿ 200 ಗ್ರಾಂ, ಬೆಳ್ಳುಳ್ಳಿ 40, ಶುಂಠಿ 30, ದುಂಪರಾಸ್ಮೆ 40, ಹಸಿ ಅರಿಶಿನ 10 ಗ್ರಾಂ. ಪ್ಯಾಕೆಟ್ಟಿನ ತೆಂಗಿನ ಹಾಲು ಬೇಡ. ಒಡೆಯದಿರಲಿ ಅಂತ ಅದಕ್ಕೆ ಏನೇನೋ ಸೇರಿಸಿರುತ್ತಾರೆ, ನಮಗೆ ಬೇಕಾಗಿರೋದೇ ಅದು ಒಡೆದು ಎಣ್ಣೆ ಬಿಡೋದು.

ಮಸಾಲೆಯನ್ನು ಎಣ್ಣೆಯಲ್ಲಿ ಹುರಿಯೋ ಗೋಜಿಲ್ಲ. ರುಬ್ಬಿದ್ದು, ತೆಂಗಿನ ಹಾಲು, ಜಜ್ಜಿದ ಮಜ್ಜಿಗೆ ಹುಲ್ಲು, ಎಲೆಗಳು, ಹುಳಿ, ಎಲ್ಲಾ ಬಾಂಡ್ಲಿಗೆ. ಕುದಿ ಬಂದ ಮೇಲೆ ಮಾಂಸ. ಆಮೇಲೆ ಮೂರು ಘಟ್ಟ, ಮೂರಕ್ಕೂ ಅಲ್ಲಿ ಬೇರೆ ಬೇರೆ ಹೆಸರು. ಮೊದಲದು ಗುಲಾಯ್, ಹಳದಿ ಕೆಂಪು ತೆಳು ಸಾರು. ಒಂದೂವರೆ ಎರಡು ಗಂಟೆ ಹೋದ ಮೇಲೆ ಕಾಲಿಯೋ: ಗ್ರೇವಿ ಗಟ್ಟಿ, ಬಣ್ಣ ಕಂದು, ಅಂಚಿನಲ್ಲಿ ಎಣ್ಣೆ. ಹೊರದೇಶದ ಹೋಟೆಲುಗಳಲ್ಲಿ ರೆಂದಾಂಗ್ ಅಂತ ಬಡಿಸೋದು ಬಹುತೇಕ ಇದನ್ನೇ. ಇಲ್ಲಿಗೆ ನಿಲ್ಲಿಸಿದರೂ ಅನ್ನಕ್ಕೆ ಚೆನ್ನ, ಮನೆಯವರೆಲ್ಲ ತಟ್ಟೆ ಹಿಡಿದು ನಿಂತಿದ್ದರು.

ಮೂರನೇ ಘಟ್ಟವೇ ಅಸಲಿ ರೆಂದಾಂಗ್. ಅದಕ್ಕೆ ಬೆಂಗಳೂರಿನ ಎತ್ತರ ಮತ್ತು ಎಮ್ಮೆಯ ವಯಸ್ಸು ಎರಡೂ ಸೇರಿ ಹೊತ್ತು ಬೆಳೆಸುತ್ತವೆ. ತೆರೆದ ಬಾಂಡ್ಲಿಯಲ್ಲಿ ಒಟ್ಟು ಐದು ಗಂಟೆ ಹತ್ತಿರ. ನೀರು ಇರೋವರೆಗೂ ಮುಳ್ಳು 96-97ರಲ್ಲಿ ಅಲ್ಲಾಡದೆ ನಿಲ್ಲುತ್ತೆ. ಅದು ನೂರು ದಾಟಿದ್ದು ಕಂಡರೆ ಸ್ಟೌ ಬಿಟ್ಟು ಕದಲಬಾರದು. ಹಾಲಿನ ಕೆನೆ ಚರಟವಾಗಿ, ತೆಂಗಿನೆಣ್ಣೆ ಬೇರೆಯಾಗಿ, ಮಾಂಸ ಆ ಎಣ್ಣೆಯಲ್ಲೇ ಹುರಿಯೋಕೆ ಶುರು. 105, 115, 125. ಬಾಂಡ್ಲಿಯ ತಳ ಅದಕ್ಕಿಂತ ಎಷ್ಟೋ ಬಿಸಿ, ಸೌಟು ತಳ ಕೆರೆಯುತ್ತಲೇ ಇರಬೇಕು. ಸೌಟನ್ನು ಕುಟ್ಟುವಂತೆ ಆಡಿಸಿದರೆ ಮಾಂಸ ಎಳೆ ಎಳೆಯಾಗಿ ಬಿಡುತ್ತೆ. ಮಡಿಚೋ ಹಾಗೆ ತಳದಿಂದ ಎತ್ತಿ ತಿರುಗಿಸಬೇಕು. ಹುರಿದ ತೆಂಗಿನ ತುರಿಯನ್ನು ಎಣ್ಣೆ ಬಿಡೋವರೆಗೆ ಅರೆದು ಕೊನೆಗೆ ಎರಡು ಚಮಚ ಸೇರಿಸಿದೆ. ಮಲೇಷ್ಯಾದ ಕಡೆ ಇದನ್ನು ಕೆರಿಸಿಕ್ ಅಂತಾರೆ, ಮಂಗಳೂರಿನ ಸುಕ್ಕ ಮಾಡೋರಿಗೆ ಕೈಬಂದ ಕೆಲಸ.

ಒಂದು ಕಿಲೋ ಹಸಿ ಮಾಂಸ, ಒಂದೂಕಾಲು ಲೀಟರ್ ಹಾಲು ಹೋಗಿ ಕೊನೆಗೆ ತೂಗಿದಾಗ ಎಲ್ಲಾ ಸೇರಿ ಒಂದು ಕಿಲೋಗಿಂತ ಕಮ್ಮಿ. ಉಳಿದದ್ದೆಲ್ಲ ಆವಿ. ನೀರಿನಂಶ ಹೋಗಿ ಎಣ್ಣೆ ಮುಚ್ಚಿಕೊಂಡಿರೋದರಿಂದ ಫ್ರಿಜ್ ಇಲ್ಲದ ಕಾಲದಲ್ಲೂ ಅಲ್ಲಿನವರು ಇದನ್ನು ವಾರಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದರು, ದೂರದ ಪಯಣಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾನು ಫ್ರಿಜ್ಜಿನಲ್ಲೇ ಇಡುತ್ತೀನಿ. ಮಾರನೇ ದಿನ ಇನ್ನೂ ರುಚಿ.

ವಾರದ ದಿನಕ್ಕೆ ಕುಕ್ಕರ್ ದಾರಿಯನ್ನೂ ನೋಡಿದೆ: ತೆಳು ಹಾಲು ಮತ್ತು ಮಸಾಲೆಯಲ್ಲಿ ಮಾಂಸ 20 ನಿಮಿಷ, ಆಮೇಲೆ ಬಾಂಡ್ಲಿಗೆ ಹಾಕಿ ಗಟ್ಟಿ ಹಾಲು ಬಿಟ್ಟು ಎರಡು ಗಂಟೆ. ಬೇರೆ ಅಡುಗೆಯಲ್ಲಿ ಕುಕ್ಕರಿನಲ್ಲಿ ತೆಂಗಿನ ಹಾಲು ಒಡೆದರೆ ಕೆಟ್ಟಿತು ಅನ್ನುತ್ತೇವೆ, ಇಲ್ಲಿ ಹೇಗೂ ಒಡೆಯಲೇಬೇಕು. ಗ್ಯಾಸ್ ಅರ್ಧಕ್ಕಿಂತ ಕಮ್ಮಿ ಸಾಕು. ಮೆತ್ತಗಿನ ವಿಚಾರದಲ್ಲಿ ವ್ಯತ್ಯಾಸವಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಐದು ಗಂಟೆಯದರಲ್ಲಿ ಮಸಾಲೆ ತುಂಡಿನ ನಡುವಿನವರೆಗೂ ಇಳಿದಿತ್ತು, ಕುಕ್ಕರಿನದರಲ್ಲಿ ಮೇಲೇ ಕೂತಿತ್ತು. ಹಬ್ಬಕ್ಕೆ ಅದು, ಬುಧವಾರಕ್ಕೆ ಇದು.

ಖೀಮಾ, ಚುಟುಕಾಗಿ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಶುರುವಾದ ಊರು ಅಂತ ಐಟಿ ಪಾರ್ಕ್ ನೋಡಿದವರಿಗೆ ಹೊಳೆಯೋದಿಲ್ಲ. ಅವರ ಬಾಲ್ ಕರಿ ಮತ್ತು ಹಳದಿ ಅನ್ನ ಈ ಊರಿನದ್ದೇ ಅಡುಗೆ ಅನ್ನಬೇಕು. ಇದರಲ್ಲಿ ನೀರು ಬೆಂಕಿಯ ಲೆಕ್ಕ ಬೇಕಿಲ್ಲ, ನರ ಕತ್ತರಿಸೋ ಕೆಲಸ ಮೆಷಿನ್ನೇ ಮಾಡಿಬಿಟ್ಟಿರುತ್ತೆ. ಗಮನ ಕೊಡಬೇಕಾದ್ದು ಜಿಡ್ಡಿನ ಕಡೆ: ಎಮ್ಮೆ ಖೀಮಾ ಒಣ, ಕಿಲೋಗೆ 150 ಗ್ರಾಂ ಚರ್ಬಿ ಸೇರಿಸಿ ಎರಡು ಸಲ ಅರೆಸಿಕೊಳ್ಳಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಹಾಕಿ ಕೈಗೆ ಅಂಟೋವರೆಗೆ ನಾದಿ, ಉಂಡೆ ಕಟ್ಟಿ, ಕುದಿಯೋ ಕಾಯಿ ಗ್ರೇವಿಗೆ ಒಂದೊಂದಾಗಿ ಬಿಡಿ. ಸೌಟು ಹಾಕಬೇಡಿ, ಹತ್ತು ನಿಮಿಷ ಪಾತ್ರೆಯನ್ನು ಹಿಡಿದು ಅಲುಗಿಸಿ.

ಬಾಕಿ ಕೆಲಸ

ಕೊರಬಾಡು ಉಳಿದಿದೆ. ಉಪ್ಪು ಅರಿಶಿನ ಹಚ್ಚಿ ಉದ್ದುದ್ದ ಪಟ್ಟಿ ಕೊಯ್ದು ದಾರಕ್ಕೆ ಪೋಣಿಸಿ ಒಣಗಿಸಿ, ಬೇಕಾದಾಗ ಕೆಂಡದಲ್ಲಿ ಸುಟ್ಟು ಜಜ್ಜಿ ಸಾರಿಗೆ ಹಾಕೋದು. ಊರಲ್ಲಿ ಮಾಳಿಗೆ ಮೇಲೆ ಬಿಸಿಲಿಗೆ ಕಟ್ಟುತ್ತಿದ್ದರು, ಕಾಗೆ ಓಡಿಸೋ ಕೆಲಸ ಮಕ್ಕಳದ್ದು. ಇಲ್ಲಿನ ಟೆರೇಸ್ ಹತ್ತು ಮನೆಗೆ ಒಂದೇ, ಅಲ್ಲಿ ಕಟ್ಟೋ ಹಾಗಿಲ್ಲ. ಸೊಳ್ಳೆ ಪರದೆ ಸುತ್ತಿದ ಮರದ ಚೌಕಟ್ಟು, ಕೆಳಗಿನಿಂದ ಗಾಳಿ ಊದೋಕೆ ಹಳೇ ಕಂಪ್ಯೂಟರಿನ ಫ್ಯಾನು, ಇಷ್ಟರಲ್ಲಿ ಬಾಲ್ಕನಿಯೊಳಗೆ ಒಂದು ಪೆಟ್ಟಿಗೆ ಮಾಡಬಹುದು. ಚೌಕಟ್ಟಿಗೆ ರೀಪು ಕೊಯ್ಸಿ ತಂದಿದ್ದೀನಿ. ಮಳೆಗಾಲದ ಈ ತೇವದಲ್ಲಿ ಮಾಂಸ ಒಣಗೋದಕ್ಕೆ ಮೊದಲೇ ಹಳಸುತ್ತೆ, ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಶುರು. ಪಟ್ಟಿ ಎಷ್ಟು ದಪ್ಪ ಇರಬೇಕು ಅಂತ ಅಮ್ಮನನ್ನು ಕೇಳಿದ್ದಕ್ಕೆ ಹೆಬ್ಬೆರಳು ಅಂದರು, ಭಾಯ್ ಕಿರುಬೆರಳು ಅನ್ನುತ್ತಾರೆ. ಎರಡೂ ಕಟ್ಟುತ್ತೀನಿ.